ತಟ್ಟಿಗೆ ನೀರು ಹೊಡೆದವರು

ಎಲ್ಲಾರೂ ಕುಂತ್ರೇನು? ಹಂಗಾರ ಕೇಳ್ರಿ. ಯಾವ ಕಾಲನೋ ಏನೋ, ಯಾವ ನಾಡೋ ಏನೋ, ಅಲ್ಲೊಂದು ಊರು. ಬಿಸಲು ಅಂದ್ರ ಅಂಥಾ ಬಿಸಲು, ಮಧ್ಯಾಹ್ನ ಕಾಗಿ ಸೈತ ಹಾರ್ತಿರಲಿಲ್ಲ. ಆ ಊರಾಗ ಅಡಿವೆಪ್ಪ ಅಂತ ಒಬ್ಬಾವ. ಅವನ ಹೆಂಡ್ತಿ ಫಕೀರವ್ವ.

ಅಡಿವೆಪ್ಪ ಎಲ್ಲೋ ನೋಡಿ ಬಂದು ಹಿತ್ತಲ ಬಾಗಲಕ್ಕ ಲಾವಂಚದ ಬೇರಿನ ತಟ್ಟಿ ಕಟ್ಟಿದ. ಅದಕ್ಕ ಹೊರಗಿಂದ ನೀರು ಹೊಡದ್ರ ಒಳಗ ಬರೋ ಗಾಳಿ ತಣ್ಣಗ, ಘಮ ಘಮ. ಒಳಗ ಕುಂತಾವ ಯಾರು? ಅಡಿವೆಪ್ಪ. ಹಿತ್ತಲದಾಗ ಸುಡೋ ಬಿಸಲಾಗ ಕೊಡ ಹಿಡಕೊಂಡು ನಿಂತಾಕಿ ಯಾರು? ಫಕೀರವ್ವ. "ಒಣಗೇತಿ!" ಅಂತ ಅಂವ ಕೂಗೋದು, ಛಳ್ ಅಂತ ಆಕಿ ನೀರು ಹೊಡಿಯೋದು. ಹೇಳಾಕ ನನಗ ನಾಚಿಕಿ ಬರ್ತೈತ್ರಿ, ನಾನೂ ಗಂಡಸ ಅಲ್ಲೇನು.

ಒಂದಿನ ಓಣಿಯವರು ಬಂದ್ರು. "ಏನು ತಂಪೋ ಅಡಿವೆಪ್ಪಾ!"

"ಮನೀನ ಹಂಗ ಕಟ್ಟೀನಿ," ಅಂದ.

ಮರುದಿನ ಊರ ಗೌಡ್ರು ಬಂದ್ರು. "ತಟ್ಟಿಗೆ ನೀರು ಹೊಡಿಯಾವ್ರು ಯಾರೋ?"

"ಯಾರೂ ಇಲ್ರಿ ಗೌಡ್ರ. ಅದು ತಾನ ಹಸಿ ಇರ್ತೈತಿ."

ಕೇಳಿದ್ರೇನು? ಯಾರೂ ಇಲ್ಲಂತ! ತಟ್ಟಿ ಆಚೆ ಫಕೀರವ್ವನೂ ಕೇಳಿದ್ಲು.

ಮೂರನೇ ದಿನ ಬಂದಾವ ಫಕೀರವ್ವನ ಅಪ್ಪ, ದ್ಯಾಮಣ್ಣ. ಮಗಳಿಗೆ ಅಂತ ಸೌತಿಕಾಯಿ ಗಂಟು ಕಟಗೊಂಡು ನಡಕೊಂತ ಬಂದಿದ್ದ.

"ಮಗಳು ಎಲ್ಲಿ, ಅಳಿಯಂದ್ರ?"

"ಒಳಕೋಣ್ಯಾಗ ತಂಪಿಗೆ ಮಲಗ್ಯಾಳ್ರಿ ಮಾವಾರ. ಆಕಿಗೆ ಬಿಸಲು ತಾಕಾಕ ಬಿಡಂಗಿಲ್ಲ ನಾನು."

ಅಷ್ಟಂದ, ಛಳ್ ಅಂತ ನೀರು ಬಿತ್ತು. ಅದರ ಜೋಡಿ ಬಳಿ ಸಪ್ಪಳ.

ಮುದುಕ ಎದ್ದು ಮನಿ ಸುತ್ತು ಹಾಕಿ ಹಿತ್ತಲಕ್ಕ ಹೋದ. ಮಗಳು ಒಂದು ಕಾಲು ಎತ್ತಿ ಒಂದು ಕಾಲು ಊರಿ ನಿಂತಿದ್ಲು. ಅಪ್ಪನ್ನ ಕಂಡಾಕಿನ ಕೊಡ ಬೆನ್ನ ಹಿಂದ ಮುಚಗೊಂಡ್ಲು. ತಪ್ಪು ಮಾಡಿದಾವ ಒಳಗ, ನಾಚಿಕಿ ಪಟ್ಟಾಕಿ ಈಕಿ!

"ಈಗಷ್ಟ ಬಂದೆ ಅಪ್ಪಾ. ಅವರು ಬ್ಯಾಡ ಅಂದ್ರು, ನಾನ ಬಂದೆ."

ದ್ಯಾಮಣ್ಣ ಕೊಡ ಇಸಗೊಂಡ. "ಒಳಗ ನಡಿ ಮಗಳ."

ಫಕೀರವ್ವ ಒಳಗ ಬಂದು ಗ್ವಾಡಿಗೆ ಬೆನ್ನು ಕೊಟ್ಟು ಕುಂತ್ಲು. ಗಂಡನ ಮಾರಿ ನೋಡಲಿಲ್ಲ. ಛಳ್! ನೀರು ಬಿತ್ತು. ಹೊರಗಿಂದ ಮುದುಕ ಕೇಳಿದ, "ಅಳಿಯಂದ್ರ, ತಂಪ ಆತೇನ್ರಿ?"

ಅಡಿವೆಪ್ಪ ಹೆಂಡ್ತಿ ಕಡೆ ನೋಡಿದ, ತಟ್ಟಿ ಕಡೆ ನೋಡಿದ.

ಛಳ್! "ತಂಪ ಆತೇನ್ರಿ?"

ಆ ತಂಪಿನ್ಯಾಗ ಅವನಿಗೆ ಬೆವರು ಬಿಡ್ತು.

ಛಳ್! "ತಂಪ ಆತೇನ್ರಿ, ಅಳಿಯಂದ್ರ?" ಮುದುಕನ ದನಿ ನಡಗಾಕತ್ತಿತ್ತು.

ಅಡಿವೆಪ್ಪ ಬರಿಗಾಲಾಗ ಓಡಿದ. ಹಿತ್ತಲದ ಕಲ್ಲು ಕಾಲಿಗೆ ಚುರ್ ಅಂತು. ದಿನಾ ಹೆಂಡ್ತಿ ನಿಲ್ಲೋ ಜಾಗ ಎಂಥಾದ್ದಂತ ಅವನಿಗೆ ಅವತ್ತ ಗೊತ್ತಾದದ್ದು. ತಲಿ ಎತ್ತದ "ಕೊಡ ಕೊಡ್ರಿ ಮಾವಾರ, ತಪ್ಪಾತು" ಅಂದ.

"ನನಗ ಹೇಳಿ ಏನು ಮಾಡ್ತೀರಿ? ಆಕಿಗೆ ಹೇಳ್ರಿ."

ಒಳಗ ಹೋದ. ಫಕೀರವ್ವ ಕುಂತಲ್ಲೇ ನಿದ್ದಿ ಹೋಗಿದ್ಲು. ಎಷ್ಟು ದಿನದ ನಿದ್ದಿನೋ ಏನೋ. ಎಬ್ಬಸಾಕ ಅವನಿಗೆ ಮನಸ್ಸು ಬರಲಿಲ್ಲ. ಹೊರಗ ಬಂದು ಮಾವನ್ನ ನೆರಳಾಗ ಕುಂದರಿಸಿದ, ಹೊತ್ತು ಮುಳುಗೋ ತನಕ ತಾನ ನೀರು ಹೊಡದ. ನಮ್ಮ ಮನಿ ತಂಪೈತಿ ಅಂತ ಮತ್ತ ಯಾರ ಮುಂದೂ ಅನ್ನಲಿಲ್ಲ.

ಅವರ ಊರು ಆ ಕಡೆ, ನಮ್ಮ ದಾರಿ ಈ ಕಡೆ, ಕಥಿ ಇಲ್ಲಿಗೆ ಮುಗೀತು. ಬಾಯಿ ಒಣಗೇತಿ... ಏ ಬ್ಯಾಡ, ಬ್ಯಾಡವಾ, ನೀ ಏಳಬ್ಯಾಡ. ನೀರು ನಾನ ಎದ್ದು ತಗೋತೀನಿ.