ಗೋಡೆಗೆ ಅಂಗೈ

ವಾದ್ಯ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಬೇಸ್ ಗಿಟಾರ್ ನುಡಿಸುವವರು ಕೂತಿದ್ದರು. ಒಬ್ಬ ಬೋಳುತಲೆಯವನು, ಇನ್ನೊಬ್ಬ ಗಡ್ಡದವನು. ಗಿಟಾರಿನ ಸದ್ದು ಬದಲಿಸುವ, ಬೋಳುತಲೆಯವನ ಹಳೇ ಪೆಡಲ್ ಒಳಗೆ ರಿಪೇರಿಯಾಗುತ್ತಿತ್ತು.

“ನಿನ್ನ ಮೊದಲ್ನೇ ಪೆಡಲ್ಲಾ ಇದು?” ಗಡ್ಡದವನು ಕೇಳಿದ.

“ಹ್ಞೂಂ. ಕಾಲಲ್ಲಿ ಒತ್ತಿದ್ರೆ ಹುಲಿ ಥರ ಗುರುಗುಡ್ತಿತ್ತು. ಲೀಡ್ ಗಿಟಾರಿಗೆ ಮಾಡಿದ್ದು ಅಂತ ಗೊತ್ತಿಲ್ದೆ ತಗೊಂಡ್ಬಿಟ್ಟಿದ್ದೆ.”

“ಹಂಗಾದ್ರೆ ಬೇಸ್ ಗಿಟಾರಿನ ಕೆಳಗಿನ ಸ್ವರ ಎಲ್ಲಾ ನುಂಗಿಹಾಕಿರುತ್ತೆ.”

“ನಂಗೆಲ್ಲಿ ಗೊತ್ತಾಯ್ತು? ಹೇಳಿದ್ದು ಅಪ್ಪ.”

“ನಿಮ್ಮಪ್ಪಂಗೆ ಕಿವಿ ಕೇಳ್ತಿರ್ಲಿಲ್ವಲ್ಲೋ!”

“ಅದಕ್ಕೇ. ನಾನು ನುಡಿಸುವಾಗ ಪಕ್ಕದ ರೂಮಲ್ಲಿ ಗೋಡೆಗೆ ಅಂಗೈ ಇಟ್ಕೊಂಡು ಕೂರೋರು. ಪೆಡಲ್ ಒತ್ತಿದ್ದೇ ತಡ, ಎದ್ದು ಬಂದು, ‘ಯಾಕೋ ನಿಲ್ಲಿಸ್ಬಿಟ್ಟೆ?’ ಅಂದ್ರು. ನಾನು ನುಡಿಸ್ತಾನೇ ಇದ್ದೆ.”

ಗಡ್ಡದವನು ಅವನ ಕಡೆ ತಿರುಗಿ ಕೂತ.

“ಆಮೇಲೆ?”

“ಅಟ್ಟಕ್ಕೆ ಹಾಕ್ದೆ. ಅವ್ರು ಇರೋ ತನಕ ಮುಟ್ಲಿಲ್ಲ.”

ರಿಪೇರಿಯವರು ಕರೆದರು. ಇಬ್ಬರೂ ಒಳಗೆ ಹೋದರು; ಬಾಗಿಲು ತೆರೆದೇ ಇತ್ತು. ಬೋಳುತಲೆಯವನು ಬೇಸ್ ಗಿಟಾರಿಗೆ ಪೆಡಲ್ ಸಿಕ್ಕಿಸಿ ತಂತಿ ಮೀಟಿದಾಗ ಹೊರಗೆ ನಾನು ಕೂತ ಬೆಂಚೂ ನಡುಗಿತು. ಗಡ್ಡದವನು ಯಾರೂ ಹೇಳದೆ ಗೋಡೆಗೆ ಅಂಗೈ ಇಟ್ಟ.

“ಈಗ ಒತ್ತು.”

ಪೆಡಲ್ ಗುರ್ರೆಂದಿತು. ಬೆಂಚು ಸುಮ್ಮನಾಯಿತು.

“ಹೌದು ಕಣೋ,” ಎಂದ ಗಡ್ಡದವನು, ಕೈ ತೆಗೆಯದೆ. “ನಿಂತೇ ಹೋಯ್ತು.”