ಅವ್ವ ರೊಟ್ಟಿ ಬಡಿಯುವ ಫೋಟೋ

ನನ್ನ ಕಿವಿ ಎಷ್ಟು ಚುರುಕೆಂದರೆ, ವರ್ತೂರಿನಲ್ಲಿ ಕೂತು ವೈಟ್‌ಫೀಲ್ಡಿನ ಇರುವೆ ಸೀನಿದ್ದನ್ನು ಕೇಳಿದ್ದೇನೆ. ಹಾಗಿರುವಾಗ ಫೋಟೋ ಸ್ಟುಡಿಯೋ ಬೆಂಚಿನಲ್ಲಿ ಪಕ್ಕದಲ್ಲೇ ಕೂತ ಇಬ್ಬರು ಗಾರೆ ಕೆಲಸದವರ ಮಾತನ್ನು ಬಿಟ್ಟೀತೇ? ಯಮನೂರನೆಂಬವನ ಕೈಯಲ್ಲಿ ಒಂದು ವೋಟರ್ ಕಾರ್ಡಿತ್ತು.

"ಇದನ್ನ ದೊಡ್ಡದು ಮಾಡಿದ್ರ ಅವ್ವ ಸುಟ್ಟ ರೊಟ್ಟಿ ಕಂಡಂಗ ಕಾಣ್ತಾಳಂತಲೇ, ಬಸಲಿಂಗ."

"ನಾಡದ್ದು ಆಕಿ ಹನ್ನೊಂದನೇ ದಿನ. ಪೂಜಿಗೆ ಇಡಾಕ ಬ್ಯಾರೆ ಫೋಟೋ ಇಲ್ಲೇನು?"

"ಒಂದಿತ್ತು. ರೊಟ್ಟಿ ಬಡಿಯೂ ಮುಂದ ಆ ಕ್ಯಾಮೆರಾದಂವ ತೆಗದಿದ್ದ."

"ಯಾರು, ಆ ಮಕ್ಕಳ ಕಳ್ಳ?"

"ಕಳ್ಳ ಅಲ್ಲಂತಲೇ. ಮಂದಿ ದಿನಾ ಹೆಂಗ ಬದುಕ್ತಾರಂತ ದೇಶ ದೇಶ ತಿರುಗಿ ಫೋಟೋ ತೆಗೀತಿದ್ದನಂತ."

"ಕಳ್ಳರು ಬಂದಾರಂತ ಮೊಬೈಲ್‌ನಾಗ ಬಂದಿತ್ತಲ್ಲೋ! ಮೊದಲು ಸಲಿಕಿ ಎತ್ತಿದಂವ ನೀನು."

"ಹಲ್ಲು ಉದುರಿಸಿದಂವ ನೀನು."

"ಕ್ಯಾಮೆರಾನೂ ನಾನ ಕಲ್ಲಿಲೆ ಜಜ್ಜಿ ಪುಡಿ ಮಾಡಿದೆ."

"ಅದರಾಗ ಅವ್ವ ಇದ್ಲಲೇ."

ಬಸಲಿಂಗ ಕತ್ತು ತುರಿಸಿಕೊಂಡ.

"ಕಂಪ್ಯೂಟರ್‌ನಾಗ ಇನ್ನೊಂದು ಇಟ್ಟಿರ್ತಾನೇನೋ."

"ಅಂವ ಬಿದ್ದಿರೂ ದವಾಖಾನಿಗೆ ಹೋಗಿ ಕೇಳ್ತೀನಿ."

"ಹುಚ್ಚ! ಗುರ್ತು ಹಿಡದ್ರ ಜೈಲು."

"ಒಂದು ಕಣ್ಣು ಹೋಗೇತಂತ."

"ಇನ್ನೊಂದು ಐತಲ್ಲೋ!"

ಯಮನೂರ ಕಾರ್ಡನ್ನು ಜೇಬಿಗೆ ಹಾಕಿ ಎದ್ದ.

"ಹೋಗಿ ಏನಂತಿ?"

"ಏನೂ ಅನ್ನಂಗಿಲ್ಲ. ಕಾಲು ಹಿಡೀತೀನಿ."

"ಎರಡೂ ಮುರದೀವಲ್ಲಲೇ!"

"ಹಗೂರ ಹಿಡೀತೀನಿ," ಎನ್ನುತ್ತ ಯಮನೂರ ಮೆಟ್ಟಿಲಿಳಿದ. ಬಯ್ಯುತ್ತಲೇ ಬಸಲಿಂಗನೂ ಹಿಂದೆ ಹೋದ.