ನವಲಿಯ ಸುಂಕಲಮ್ಮನ ಸರಪಳಿ ಬಿಚ್ಚಿದ ಬಗ್ಗೆ

ನನ್ನ ಹೆಸರು ಕಸ್ತೂರೆಮ್ಮ, ಗಂಡ ದಿವಂಗತ ಸಣ್ಣಪ್ಪ, ವಯಸ್ಸು ನಲವತ್ತೊಂದು, ಉದ್ಯೋಗ ರೋಗಿಗಳ ಆರೈಕೆ, ವಾಸ ಕನಕಗಿರಿ. ನಾನು ತನ್ನ ಸೊಸೆಯನ್ನು ಓಡಿಸಿಕೊಂಡು ಹೋದೆನೆಂದು ನವಲಿಯ ಮುದಕಮ್ಮ ಕೊಟ್ಟ ಫಿರ್ಯಾದಿಯ ಬಗ್ಗೆ ಪೊಲೀಸ್ ಠಾಣೆಯ ಅಮೀನ ಸಾಹೇಬರು ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ನಾನು ಮೊದಲು ಬಳ್ಳಾರಿ ಕಡೆಯ ಒಂದು ಆಸ್ಪತ್ರೆಯಲ್ಲಿ ಚಿತ್ತ ಕೆಟ್ಟ ಹೆಂಗಸರನ್ನು ನೋಡಿಕೊಳ್ಳುವ ಆಯಾ ಆಗಿದ್ದೆ. ಈಗ ಕರೆದವರ ಮನೆಗೆ ಹೋಗಿ ಅದೇ ಕೆಲಸ ಮಾಡುತ್ತೇನೆ. ಕಳೆದ ದೀಪಾವಳಿಯ ನಂತರ ಮುದಕಮ್ಮನ ಮಗ, ನವಲಿಯ ರೈತ ದ್ಯಾವಪ್ಪ ನನ್ನಲ್ಲಿಗೆ ಬಂದನು. ಮಗು ಜ್ವರದಿಂದ ತೀರಿಕೊಂಡಂದಿನಿಂದ ತನ್ನ ಹೆಂಡತಿ ಸುಂಕಲಮ್ಮ ಕೂತಲ್ಲಿ ಕೂರುವುದಿಲ್ಲ, ಬಾಗಿಲು ತೆರೆದರೆ ಹೊರಟುಬಿಡುತ್ತಾಳೆ ಎಂದು ಹೇಳಿ ನನ್ನನ್ನು ಕರೆದುಕೊಂಡು ಹೋದನು.

ಆಕೆಯನ್ನು ಕೊಟ್ಟಿಗೆಯಲ್ಲಿ, ಎತ್ತು ಕಟ್ಟುವ ಸರಪಳಿ ಕಾಲಿಗೆ ಹಾಕಿ ಬೀಗ ಜಡಿದು ಇಟ್ಟಿದ್ದರು. ಸರಪಳಿ ಎಟುಕುವಷ್ಟು ಜಾಗದಲ್ಲಿ ಆಕೆ ತಿರುಗಿ ತಿರುಗಿ ನೆಲದ ಸಾರಣೆ ಎದ್ದುಹೋಗಿತ್ತು. ಕಾಲಿನ ಹರಡಿನ ಗಾಯದಲ್ಲಿ ಕೀವು ತುಂಬಿತ್ತು. ಸರಪಳಿ ಬಿಚ್ಚಿದರೆ ಮಾತ್ರ ಇರುತ್ತೇನೆ, ಇಲ್ಲದಿದ್ದರೆ ವಾಪಸು ಹೋಗುತ್ತೇನೆ ಎಂದೆ. ದ್ಯಾವಪ್ಪ ಒಪ್ಪಿ ತಾನೇ ಬಿಚ್ಚಿದನು.

ಅಂದಿನಿಂದ ಆಕೆ ಹೊರಟಾಗಲೆಲ್ಲ ನಾನೂ ಹೊರಟೆ. ಹಳ್ಳದ ತನಕ, ಗದ್ದೆಯ ಬದುವಿನ ಮೇಲೆ, ಬಿಸಿಲಿರಲಿ ಇಬ್ಬನಿ ಇರಲಿ. ದಣಿದಾಗ ರೊಟ್ಟಿ ಕೈಗೆ ಕೊಟ್ಟರೆ ನಡೆಯುತ್ತಲೇ ತಿನ್ನುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಗಾಯ ಒಣಗಿತು. ನಿದ್ದೆಯೂ ಸ್ವಲ್ಪ ಬರತೊಡಗಿತು.

ನಿನ್ನೆ ಬೆಳಿಗ್ಗೆ ದ್ಯಾವಪ್ಪ ಕನಕಗಿರಿ ಸಂತೆಗೆ ಹೋದನು. ಮಗನಿಗೆ ಎರಡನೇ ಹೆಣ್ಣು ಗೊತ್ತಾಗಿದೆ, ಆ ಕಡೆಯವರು ಮನೆ ನೋಡಲು ಬರುತ್ತಾರೆ ಎಂದು ಮುದಕಮ್ಮ ಆಗ ನನಗೆ ತಿಳಿಸಿದಳು. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಸುಂಕಲಮ್ಮನ ಕಾಲಿಗೆ ಮತ್ತೆ ಸರಪಳಿ ಬಿದ್ದಿತ್ತು. ಹಳೆಯ ಗಾಯ ಬಾಯಿ ಬಿಟ್ಟಿತ್ತು. ಮುದಕಮ್ಮ, 'ಬೀಗರ ಕಣ್ಣಿಗೆ ಬಿದ್ರ ಮಾತು ಮುರಿತೈತಿ. ಒಂದ ದಿನ ತಡಕೊಳ್ಳಲಿ' ಅಂದಳು. ಮುದಕಮ್ಮ ಒಲೆಯ ಮುಂದೆ ಕೂತಾಗ ಗೂಟದಲ್ಲಿದ್ದ ಕೀಲಿಕೈ ತೆಗೆದು ಬೀಗ ಬಿಚ್ಚಿದವಳು ನಾನೇ. ದ್ಯಾವಪ್ಪನನ್ನು ಕಾಣಲೆಂದು ಇಬ್ಬರೂ ಕನಕಗಿರಿ ದಾರಿ ಹಿಡಿದೆವು.

ಸುಂಕಲಮ್ಮ ಎಂದಿಗಿಂತ ಜೋರಾಗಿ ನಡೆಯುತ್ತಿದ್ದಳು. ಅರ್ಧ ದಾರಿಯಲ್ಲಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದಳು. ಅಲ್ಲಿ ಕಟ್ಟೆ ಇಲ್ಲದ ಬಾವಿ ಇದೆ. ಆಕೆ ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಓಡಿ ಹೋಗಿ ಹಿಡಿಯಲು ನನಗೆ ಧೈರ್ಯವಾಗಲಿಲ್ಲ, ಹಿಡಿದರೆ ಕೊಸರಿಕೊಳ್ಳುತ್ತಾಳೆ. ಅದೇ ಹೊತ್ತಿಗೆ ನನ್ನ ಕಾಲಿಗೆ ಜಾಲಿ ಮುಳ್ಳು ಆಳವಾಗಿ ಹೊಕ್ಕಿತು. ನಾನು ಕೂತುಬಿಟ್ಟು, 'ಸುಂಕಲಿ, ಮುಳ್ಳು ಚುಚ್ಚೇತಿ. ನನಗ ಏಳಾಕ ಆಗವಲ್ದು' ಅಂದೆ.

ಆಕೆ ತಿರುಗಿ ನೋಡಿದಳು. ಆಮೇಲೆ ಬಂದು ನೆಲದ ಮೇಲೆ ಕೂತಳು. ಆಕೆ ತಾನಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಮುಳ್ಳು ಮುರಿದು ಅದರಿಂದ ಕೆದಕತೊಡಗಿದಳು. ನೋವಿಗೆ ನಾನು ಕಾಲು ಎಳೆದುಕೊಂಡೆ. 'ಅಲುಗಾಡಬ್ಯಾಡ್ರಿ ಆಯಾ' ಅಂದಳು. ಮುಳ್ಳು ತೆಗೆದ ಮೇಲೆ, 'ಇನ್ನೊಬ್ಬಾಕಿ ಬರ್ತಾಳಂತಲ್ಲ. ಆಕಿನೂ ಕೊಟ್ಟಿಗ್ಯಾಗ ಕಟ್ತಾರೇನ್ರಿ' ಎಂದು ಕೇಳಿದಳು.

ಮುದಕಮ್ಮನ ದೂರಿನ ಮೇಲೆ ಹುಡುಕಿ ಬಂದ ಪೊಲೀಸ್ ಜವಾನ ಯಮನೂರಸಾಬ ನಮ್ಮನ್ನು ಅಲ್ಲಿಯೇ ಕಂಡು ಠಾಣೆಗೆ ಕರೆತಂದನು. ರಾತ್ರಿ ಇಬ್ಬರನ್ನೂ ಪಡಸಾಲೆಯಲ್ಲಿ ಇರಿಸಿದರು.

ಇಂದು ಬೆಳಿಗ್ಗೆ ದ್ಯಾವಪ್ಪ ಬಂದು, ಸರಪಳಿ ಹಾಕಿದ್ದು ತನಗೆ ಗೊತ್ತಿರಲಿಲ್ಲ, ಎರಡನೇ ಮದುವೆಗೆ ಮಾತ್ರ ಹೂಂ ಅಂದಿದ್ದು ನಿಜ ಎಂದು ಸಾಹೇಬರ ಮುಂದೆ ಒಪ್ಪಿಕೊಂಡನು. ನನ್ನ ಮೇಲೆ ತನ್ನ ತಕರಾರಿಲ್ಲ ಎಂದೂ ಹೇಳಿದನು. ಆಮೇಲೆ ಹೆಂಡತಿಗೆ, 'ಹೆಣ್ಣಿನ ಕಡ್ಯಾರಿಗೆ ಇನ್ನ ಬರಬ್ಯಾಡ್ರಿ ಅಂತ ಹೇಳಿ ಕಳಿಸೀನಿ. ಮನಿಗೆ ನಡಿ' ಅಂದನು. ಅತ್ತಿತ್ತ ನಡೆಯುತ್ತಿದ್ದ ಸುಂಕಲಮ್ಮ ನಿಲ್ಲದೆ, 'ಇವತ್ತ ನಾ ಬರಂಗಿಲ್ಲ. ಆಯಾನ ಮನ್ಯಾಗ ಇರ್ತೀನಿ' ಅಂದಳು. ಅವನು ಹಿಂದೆ ಹಿಂದೆ ಹೋಗಲು, 'ದನ ಹೊಡದಂಗ ಹಿಂದ ಬರಬ್ಯಾಡ. ಬರೋದಿದ್ರ ಬಾಜೂಕ ಬಾ' ಅಂದಳು. ಅವನು ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಆಕೆಯ ಪಕ್ಕಕ್ಕೆ ಹೋದನು.

ಆಕೆಯನ್ನು ನನ್ನ ಮನೆಯಲ್ಲಿ ಇರಿಸಿಕೊಳ್ಳಲು ಸಾಹೇಬರು ಒಪ್ಪಿದ್ದಾರೆ. ನಾನು ಇದನ್ನು ಬರೆಸುತ್ತಿರುವಾಗ ಅವರಿಬ್ಬರೂ ಠಾಣೆಯ ಅಂಗಳದಲ್ಲಿ ತಿರುಗುತ್ತಿದ್ದಾರೆ. ಬಿಸಿಲು ಏರಿದೆ. ದ್ಯಾವಪ್ಪನಿಗೆ ಆಗಲೇ ಏದುಸಿರು ಬಂದಿದೆ, ಆಕೆಗೆ ಬಂದಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಇಷ್ಟೇ; ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಕನಕಗಿರಿ
ತಾರೀಖು: ೯ ಫೆಬ್ರವರಿ ೧೯೪೪
(ಸಹಿ) ಕಸ್ತೂರೆಮ್ಮ